ಬೆಳಕನ್ನು ಅಳೆಯುವ ವಿದ್ಯೆ

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಛಾಯಾಗ್ರಹಣದ ಕುರಿತು ಮಾಡಿದ ಉಪನ್ಯಾಸದ ಬರಹ ರೂಪ)



ಇಂತಹ ಶಿಬಿರಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆ ಎದುರಿಸುವುದು ಹೇಗೆ, ಮುಂದಿನ ಕೋರ್ಸು ಯಾವುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು ಹೇಗೆ ಎಂಬ ವಿಷಯಗಳಿರುತ್ತವೆ. ಅವೆಲ್ಲವೂ ಅಗತ್ಯವೇ. ಈ ಸಲ ಸಂಘದವರು ಕ್ಯಾಮರಾದ ಬಗ್ಗೆ ಮಾತಾಡಲು ಹೇಳಿದ್ದಾರೆ. "ಕ್ಯಾಮರಾ ಈಗ ಎಲ್ಲರ ಕಿಸೆಯಲ್ಲೂ ಇದೆ, ಅದರಲ್ಲಿ ಕಲಿಯುವುದೇನಿದೆ?" ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಪೆನ್ನು ಎಲ್ಲರ ಕಿಸೆಯಲ್ಲಿ ಇದ್ದ ಮಾತ್ರಕ್ಕೆ ಎಲ್ಲರಿಗೂ ಬರೆಯಲು ಬರುತ್ತದೆಯೇ? ಇದೂ ಹಾಗೆಯೇ. ಗುಂಡಿ ಒತ್ತುವುದು ಬೇರೆ, ಚಿತ್ರ ತೆಗೆಯುವುದು ಬೇರೆ. ಇವೆರಡರ ನಡುವೆ ಇರುವ ಮೊದಲ ಮೆಟ್ಟಿಲಿಗೆ 'ಎಕ್ಸ್‌ಪೋಶರ್' ಎಂದು ಹೆಸರು. ಚಿತ್ರಕ್ಕೆ ಎಷ್ಟು ಬೆಳಕು ಬೇಕೋ ಅಷ್ಟನ್ನೇ ಕೊಡುವ ಲೆಕ್ಕಾಚಾರ ಅದು. ಇಂದು ಆ ಒಂದು ಮೆಟ್ಟಿಲನ್ನು ಮಾತ್ರ ಹತ್ತೋಣ.

ಬಸ್ರಾದ ವಿದ್ವಾಂಸ

ಈ ವಿದ್ಯೆಯ ಚರಿತ್ರೆಯಲ್ಲಿ ನಾವು ನೆನೆಯಲೇಬೇಕಾದ ಒಂದು ಹೆಸರಿದೆ, ಇಬ್ನುಲ್ ಹೈಸಮ್. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಸುಮಾರು 1040ರಲ್ಲಿ ಕೈರೋದಲ್ಲಿ ತೀರಿಕೊಂಡವರು. ಯುರೋಪಿನವರು ಇವರನ್ನು ಅಲ್‌ಹಝೆನ್ ಎಂದು ಕರೆದರು. ಬೆಳಕು ಮತ್ತು ದೃಷ್ಟಿಯ ಬಗ್ಗೆ ಇವರು ಬರೆದ 'ಕಿತಾಬುಲ್ ಮನಾಝಿರ್' ಏಳು ಭಾಗಗಳ ಗ್ರಂಥ. ಅದು ಲ್ಯಾಟಿನ್ ಭಾಷೆಗೆ ಅನುವಾದಗೊಂಡು, 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಅವರಿಗಿಂತ ಮೊದಲು ಅನೇಕ ಪಂಡಿತರು ನಂಬಿದ್ದರು. ಹಾಗಲ್ಲ, ವಸ್ತುವಿನಿಂದ ಹೊರಟ ಬೆಳಕು ಕಣ್ಣನ್ನು ಸೇರಿದಾಗ ನಾವು ಕಾಣುತ್ತೇವೆ ಎಂದು ಇವರು ಪ್ರಯೋಗ ಮತ್ತು ತರ್ಕಗಳ ಮೂಲಕ ವಾದಿಸಿದರು. ಕತ್ತಲೆಯ ಕೋಣೆಯ ಸಣ್ಣ ರಂಧ್ರದ ಮುಂದೆ ಹಲವು ದೀಪಗಳನ್ನಿಟ್ಟು, ಒಂದನ್ನು ಮುಚ್ಚಿದರೆ ಗೋಡೆಯ ಮೇಲೆ ಆ ದೀಪದ ಬೆಳಕು ಮಾತ್ರ ಮಾಯವಾಗುತ್ತದೆ ಎಂದು ತೋರಿಸಿದರು.

ಗ್ರಹಣದ ಆಕಾರದ ಕುರಿತು ಅವರದೇ ಒಂದು ಚಿಕ್ಕ ಪ್ರಬಂಧವಿದೆ. ಗ್ರಹಣದ ವೇಳೆ ಸೂರ್ಯನ ಬೆಳಕು ಸಣ್ಣ ರಂಧ್ರದ ಮೂಲಕ ಬಂದರೆ ಎದುರಿನ ಗೋಡೆಯಲ್ಲಿ ಕುಡುಗೋಲಿನಂತಹ ಸೂರ್ಯ ಮೂಡುತ್ತಾನೆ. ರಂಧ್ರವನ್ನು ದೊಡ್ಡದು ಮಾಡಿದರೆ ಆ ಆಕಾರ ಅಳಿಸಿಹೋಗಿ ಬರೀ ದುಂಡನೆಯ ಬೆಳಕು ಉಳಿಯುತ್ತದೆ. ಇದು ಏಕೆ ಹೀಗೆ ಎಂದು ಅವರು ಅಲ್ಲಿ ವಿವರಿಸುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಕ್ಯಾಮರಾದೊಳಗೇ ಅದನ್ನು ಕಾಣಲಿದ್ದೀರಿ.

ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮ ಕೆಲವು ಭಾಷಣಗಳಲ್ಲಿ ಕ್ಯಾಮರಾವನ್ನು ಕಂಡುಹಿಡಿದದ್ದೇ ಇಬ್ನುಲ್ ಹೈಸಮ್, ಆ ಶಬ್ದವೂ ಅರಬಿಯದು ಎಂದು ಹೇಳುವುದುಂಟು. ಅದು ಸರಿಯಲ್ಲ. ಸಣ್ಣ ರಂಧ್ರದಿಂದ ಬಿಂಬ ಮೂಡುವುದು ಚೀನಾ ಮತ್ತು ಗ್ರೀಸಿನ ಪ್ರಾಚೀನರಿಗೂ ತಿಳಿದಿತ್ತು. 'ಕ್ಯಾಮರಾ' ಲ್ಯಾಟಿನ್ ಶಬ್ದ, ಕೋಣೆ ಎಂದು ಅರ್ಥ. ಇಬ್ನುಲ್ ಹೈಸಮರ ನಿಜವಾದ ಹಿರಿಮೆ ಎಂದರೆ ಯಾರೋ ಹೇಳಿದರೆಂದು ನಂಬದೆ ಪ್ರಯೋಗ ಮಾಡಿ ನೋಡಿದ್ದು. ಅವರನ್ನು ಗೌರವಿಸಲು ನಾವು ಉತ್ಪ್ರೇಕ್ಷೆ ಮಾಡಬೇಕಾಗಿಲ್ಲ, ಅವರ ಹಾಗೆ ಪರೀಕ್ಷಿಸಿ ನೋಡಿದರೆ ಸಾಕು.

ಬಿಂಬವನ್ನು ಕಾಣುವುದರಿಂದ ಅದನ್ನು ಉಳಿಸಿಕೊಳ್ಳುವವರೆಗೆ ಬಹಳ ಕಾಲ ಹಿಡಿಯಿತು. ಫ್ರಾನ್ಸಿನ ನೀಪ್ಸ್ ಎಂಬವರು 1826–27ರ ಸುಮಾರಿಗೆ ತಮ್ಮ ಮನೆಯ ಕಿಟಕಿಯಿಂದ ಕಂಡ ದೃಶ್ಯವನ್ನು ಲೋಹದ ತಗಡಿನ ಮೇಲೆ ಮೂಡಿಸಿದರು. ಅದಕ್ಕೆ ಬೆಳಕು ಬೀಳಿಸಲು ಕನಿಷ್ಠ ಎಂಟು ಗಂಟೆ ಬೇಕಾಯಿತೆಂದು ಹೇಳಲಾಗುತ್ತದೆ. ಇಂದು ನಿಮ್ಮ ಮೊಬೈಲು ಅದೇ ಕೆಲಸವನ್ನು ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿಗಿಂತ ಕಡಿಮೆ ಸಮಯದಲ್ಲಿ ಮಾಡುತ್ತದೆ. ಆದರೆ ತತ್ತ್ವ ಬದಲಾಗಿಲ್ಲ. ಕತ್ತಲೆಯ ಕೋಣೆ, ಒಂದು ರಂಧ್ರ, ಒಂದಿಷ್ಟು ಹೊತ್ತು, ಬೆಳಕನ್ನು ಹಿಡಿಯುವ ಒಂದು ಹಾಳೆ, ಇಷ್ಟೇ.

ನಲ್ಲಿ, ಸಮಯ, ಕೊಡ

ಮಸೀದಿಯ ನಲ್ಲಿಯ ಕೆಳಗೆ ಒಂದು ಪಾತ್ರೆ ಇಟ್ಟಿದ್ದೀರಿ ಎಂದುಕೊಳ್ಳಿ. ಅದು ಸರಿಯಾಗಿ ತುಂಬಬೇಕು, ಉಕ್ಕಿ ಚೆಲ್ಲಬಾರದು, ಅರೆಯೂ ಉಳಿಯಬಾರದು. ಇದು ಮೂರು ಸಂಗತಿಗಳನ್ನು ಅವಲಂಬಿಸಿದೆ. ನಲ್ಲಿಯನ್ನು ಎಷ್ಟು ತಿರುಗಿಸಿದ್ದೀರಿ, ಎಷ್ಟು ಹೊತ್ತು ಬಿಟ್ಟಿದ್ದೀರಿ, ಪಾತ್ರೆ ಎಷ್ಟು ದೊಡ್ಡದು. ಕ್ಯಾಮರಾದಲ್ಲಿ ಇವೇ ಮೂರು: ಅಪರ್ಚರ್, ಶಟರ್ ಸ್ಪೀಡ್ ಮತ್ತು ಐಎಸ್‌ಓ.

ಅಪರ್ಚರ್ ಎಂದರೆ ಲೆನ್ಸಿನ ಒಳಗಿರುವ ಕಿಂಡಿ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗುತ್ತದೆ, ಬಿಸಿಲಲ್ಲಿ ಕುಗ್ಗುತ್ತದೆಯಲ್ಲವೇ, ಹಾಗೆ. ಇದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ: ಎಫ್/2, 2.8, 4, 5.6, 8, 11, 16, 22. ಹೊಸಬರಿಗೆ ಗೊಂದಲವಾಗುವುದು ಇಲ್ಲೇ. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಇದರಲ್ಲಿ ರಹಸ್ಯವೇನಿಲ್ಲ, ಇದು ಭಾಗಾಕಾರ. ಲೆನ್ಸಿನ ಫೋಕಲ್ ಲೆಂಗ್ತನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 50 ಮಿ.ಮೀ. ಲೆನ್ಸಿನಲ್ಲಿ ಕಿಂಡಿ 25 ಮಿ.ಮೀ. ಇದ್ದರೆ ಎಫ್/2. ಅದು 12.5 ಮಿ.ಮೀ.ಗೆ ಇಳಿದರೆ ಎಫ್/4. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ ಎಂದು ನೀವು ಗಣಿತದಲ್ಲಿ ಕಲಿತಿದ್ದೀರಿ. ಆದ್ದರಿಂದ ಎಫ್/2ರಲ್ಲಿ ಬರುವ ಬೆಳಕಿನ ಕಾಲು ಭಾಗ ಮಾತ್ರ ಎಫ್/4ರಲ್ಲಿ ಬರುತ್ತದೆ. ನಾನು ಹೇಳಿದ ಸಾಲಿನಲ್ಲಿ ಒಂದೊಂದು ಹೆಜ್ಜೆ ಮುಂದಿಟ್ಟಾಗಲೂ ಬೆಳಕು ಅರ್ಧವಾಗುತ್ತದೆ. ಈ ಒಂದು ಹೆಜ್ಜೆಗೆ ಛಾಯಾಗ್ರಾಹಕರು 'ಸ್ಟಾಪ್' ಎನ್ನುತ್ತಾರೆ.

ಕಿಂಡಿಯ ಗಾತ್ರ ಇನ್ನೊಂದನ್ನೂ ನಿರ್ಧರಿಸುತ್ತದೆ. ಎಫ್/2ರಲ್ಲಿ ತೆಗೆದರೆ ಮುಖ ಸ್ಪಷ್ಟ, ಹಿನ್ನೆಲೆ ಮಸುಕು. ಎಫ್/11ರಲ್ಲಿ ತೆಗೆದರೆ ಹತ್ತಿರದ ಕಂಬವೂ ದೂರದ ಮಿನಾರವೂ ಸ್ಪಷ್ಟ. ರಂಧ್ರ ಚಿಕ್ಕದಾದರೆ ಆಕಾರ ಸ್ಪಷ್ಟವಾಗುತ್ತದೆ ಎಂದು ಗ್ರಹಣದ ಪ್ರಬಂಧದಲ್ಲಿ ಇದ್ದ ಮಾತು ನೆನಪಾಯಿತೇ? ಸಾವಿರ ವರ್ಷಗಳ ಹಿಂದಿನ ಆ ತಿಳಿವಳಿಕೆ ಇಂದಿಗೂ ನಿಮ್ಮ ಬೆರಳ ತುದಿಯಲ್ಲಿ ಕೆಲಸ ಮಾಡುತ್ತಿದೆ.

ಶಟರ್ ಸ್ಪೀಡ್ ಎಂದರೆ ಬಾಗಿಲು ತೆರೆದಿರುವ ಸಮಯ: 1/30, 1/60, 1/125, 1/250, 1/500 ಸೆಕೆಂಡು. ಇಲ್ಲಿಯೂ ಒಂದೊಂದು ಹೆಜ್ಜೆಗೆ ಬೆಳಕು ಅರ್ಧ. ಶಾಲಾ ಕ್ರೀಡಾಕೂಟದಲ್ಲಿ ಓಡುವ ಹುಡುಗನನ್ನು ಗಾಳಿಯಲ್ಲೇ ನಿಲ್ಲಿಸಬೇಕೆಂದರೆ 1/500 ಅಥವಾ ಅದಕ್ಕಿಂತ ವೇಗ ಬೇಕು. ಜಲಪಾತದ ನೀರನ್ನು ಹಾಲಿನ ಹೊಳೆಯಂತೆ ತೋರಿಸಬೇಕೆಂದರೆ ಅರ್ಧ ಸೆಕೆಂಡು, ಒಂದು ಸೆಕೆಂಡು ಇಡಬೇಕು, ಆಗ ಕೈಯಲ್ಲಿ ಹಿಡಿದರೆ ಆಗದು, ಟ್ರೈಪಾಡ್ ಬೇಕು. ಕೈಯಲ್ಲಿ ಹಿಡಿದು ತೆಗೆಯುವಾಗ ಹಳಬರ ಒಂದು ಸೂತ್ರವಿದೆ. ಲೆನ್ಸು 50 ಮಿ.ಮೀ. ಆದರೆ 1/50ಕ್ಕಿಂತ, 200 ಮಿ.ಮೀ. ಆದರೆ 1/200ಕ್ಕಿಂತ ನಿಧಾನಕ್ಕೆ ಇಳಿಯಬೇಡಿ. ಕೈ ನಡುಗಿದ್ದು ಚಿತ್ರದಲ್ಲಿ ಕಾಣುತ್ತದೆ.

ಐಎಸ್‌ಓ ಎಂದರೆ ಪಾತ್ರೆಯ ಗಾತ್ರ. ಐಎಸ್‌ಓ 100 ದೊಡ್ಡ ಕೊಡ, ತುಂಬಲು ಹೆಚ್ಚು ನೀರು ಬೇಕು. ಐಎಸ್‌ಓ 1600 ಸಣ್ಣ ಚೊಂಬು, ಸ್ವಲ್ಪ ನೀರಿಗೇ ತುಂಬುತ್ತದೆ. ಮದುವೆ ಹಾಲ್‌ನ ಮಂದ ಬೆಳಕಿನಲ್ಲಿ ಚೊಂಬೇ ಗತಿ. ಆದರೆ ಅದಕ್ಕೂ ಬೆಲೆ ಕೊಡಬೇಕು, ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳುಕಾಳು ಕಾಣಿಸುತ್ತದೆ. ಆದರೂ ಹೊಸಬರಿಗೆ ನನ್ನ ಸಲಹೆ, ಐಎಸ್‌ಓ ಏರಿಸಲು ಹೆದರಬೇಡಿ. ಕಾಳು ಕಂಡ ಚಿತ್ರವನ್ನು ನೋಡಬಹುದು, ಅಲುಗಿದ ಚಿತ್ರವನ್ನು ನೋಡಲಾಗದು.

ತಕ್ಕಡಿಯ ಲೆಕ್ಕ

ಈಗ ಮೂರನ್ನೂ ಒಟ್ಟಿಗೆ ಇಡೋಣ. ನಿಮ್ಮ ಕ್ಯಾಮರಾ ಐಎಸ್‌ಓ 100, ಎಫ್/8, 1/125 ಸರಿಯಾಗಿದೆ ಎಂದು ಹೇಳಿತು ಎನ್ನೋಣ. ಕಿಂಡಿಯನ್ನು ಒಂದು ಹೆಜ್ಜೆ ತೆರೆದು ಎಫ್/5.6 ಮಾಡಿದರೆ, ಸಮಯವನ್ನು ಒಂದು ಹೆಜ್ಜೆ ಕಡಿಮೆ ಮಾಡಿ 1/250 ಮಾಡಬೇಕು. ಎಫ್/4 ಆದರೆ 1/500. ಎಫ್/11 ಆದರೆ 1/60. ಇವು ನಾಲ್ಕೂ ಒಂದೇ ಪ್ರಮಾಣದ ಬೆಳಕು. ಆದರೆ ನಾಲ್ಕು ಬೇರೆ ಬೇರೆ ಚಿತ್ರ. ಒಂದರಲ್ಲಿ ಹಿನ್ನೆಲೆ ಮಸುಕು, ಇನ್ನೊಂದರಲ್ಲಿ ಎಲ್ಲವೂ ಸ್ಪಷ್ಟ, ಒಂದರಲ್ಲಿ ಓಟ ನಿಂತಿದೆ, ಇನ್ನೊಂದರಲ್ಲಿ ಹರಿದಿದೆ. ತಕ್ಕಡಿ ಸಮವಾಗಿರಬೇಕು, ಯಾವ ತಟ್ಟೆಯಲ್ಲಿ ಏನಿಡಬೇಕು ಎಂಬುದು ನಿಮ್ಮ ಆಯ್ಕೆ. ಆ ಆಯ್ಕೆಯಿಂದಲೇ ಛಾಯಾಗ್ರಹಣ ಶುರುವಾಗುತ್ತದೆ.

ಮೀಟರ್ ಇಲ್ಲದ ಕಾಲದಿಂದ ಬಂದ ಒಂದು ಸೂತ್ರವನ್ನು ಬಾಯಿಪಾಠ ಮಾಡಿಕೊಳ್ಳಿ. ಮೋಡವಿಲ್ಲದ ಬಿಸಿಲಿನಲ್ಲಿ ಎಫ್/16, ಶಟರ್ ಐಎಸ್‌ಓ ಸಂಖ್ಯೆಗೆ ಹತ್ತಿರದ್ದು. ಅಂದರೆ ಐಎಸ್‌ಓ 100 ಇದ್ದರೆ 1/125. ಮೋಡ ಮುಸುಕಿದರೆ ಎಫ್/8. ಬಿಸಿಲಿನ ದಿನ ಮರದ ಅಥವಾ ಕಟ್ಟಡದ ನೆರಳಿನಲ್ಲಿ ಎಫ್/5.6. ಒಂದು ವಾರ ಈ ಸೂತ್ರ ಹಿಡಿದು ಬೆಳಕನ್ನು ಊಹಿಸಿ, ಆಮೇಲೆ ಕ್ಯಾಮರಾದ ಲೆಕ್ಕದೊಂದಿಗೆ ತಾಳೆ ನೋಡಿ. ಫಿಲ್ಮಿನ ದಿನಗಳಲ್ಲಿ ಒಂದು ರೋಲಿಗೆ 36 ಚಿತ್ರ ಮಾತ್ರ, ತಪ್ಪಿದರೆ ಹಣ ಹೋಯಿತು. ನಿಮಗೆ ಆ ಭಯವಿಲ್ಲ. ಆದರೆ ಭಯವಿಲ್ಲದ್ದರಿಂದಲೇ ಯೋಚಿಸದೆ ನೂರು ತೆಗೆಯುವ ಅಭ್ಯಾಸವೂ ಬಂದಿದೆ. ಹತ್ತು ತೆಗೆಯಿರಿ, ಪ್ರತಿಯೊಂದಕ್ಕೂ ಕಾರಣ ಹೇಳುವಂತಿರಲಿ.

ಕಪ್ಪು ಬುರ್ಖಾ, ಬಿಳಿ ಜುಬ್ಬಾ

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಎಲ್ಲವನ್ನೂ ಆಟೋದಲ್ಲಿಟ್ಟರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಕ್ಯಾಮರಾದ ಮೀಟರಿಗೆ ಬೆಳಕು ಗೊತ್ತು, ಮನುಷ್ಯ ಗೊತ್ತಿಲ್ಲ. ಅದರ ಎದುರಿಗೆ ಏನಿದ್ದರೂ ಅದು ನಡುವಣ ಬೂದು ಬಣ್ಣದ್ದು, ಬಿದ್ದ ಬೆಳಕಿನ ಸುಮಾರು ನೂರಕ್ಕೆ 18ರಷ್ಟನ್ನು ಹಿಂತಿರುಗಿಸುವ ವಸ್ತು ಎಂಬ ಊಹೆಯ ಮೇಲೆಯೇ ಅದರ ಮೂಲ ಲೆಕ್ಕ ನಿಂತಿದೆ. ಈಗಿನ ಕ್ಯಾಮರಾಗಳು ಮುಖ ಗುರುತಿಸಿ ಸ್ವಲ್ಪ ಸುಧಾರಿಸಿವೆ, ಆದರೆ ಈ ಮೂಲ ದೋಷ ಪೂರ್ತಿ ಹೋಗಿಲ್ಲ.

ನಮ್ಮ ಸಮಾರಂಭಗಳಲ್ಲಿ ಇದರ ಪರಿಣಾಮ ನೋಡಿ. ಈದ್ ನಮಾಝಿನ ಬಳಿಕ ಬಿಳಿ ಜುಬ್ಬಾ ತೊಟ್ಟ ಇಪ್ಪತ್ತು ಜನ ಸಾಲಾಗಿ ನಿಂತಿದ್ದಾರೆ. ಇಷ್ಟು ಬಿಳಿ ಇರಲಾರದು, ಬೆಳಕು ಹೆಚ್ಚಾಗಿರಬೇಕು ಎಂದು ಕ್ಯಾಮರಾ ಭಾವಿಸಿ ಬೆಳಕನ್ನು ತಗ್ಗಿಸುತ್ತದೆ. ಜುಬ್ಬಾ ಮಾಸಿದಂತೆ ಬೂದಾಗುತ್ತದೆ, ಮುಖಗಳು ಕಪ್ಪಾಗುತ್ತವೆ. ಮಹಿಳಾ ಕಾಲೇಜಿನ ಸಮಾರಂಭದಲ್ಲಿ ಕಪ್ಪು ಬುರ್ಖಾ ಧರಿಸಿದ ವಿದ್ಯಾರ್ಥಿನಿಯರ ಸಾಲು. ಇಲ್ಲಿ ಕ್ಯಾಮರಾ ಕತ್ತಲೆ ಎಂದು ಭಾವಿಸಿ ಹೆಚ್ಚು ಬೆಳಕು ಬಿಡುತ್ತದೆ. ಬುರ್ಖಾ ಬೂದಾಗುತ್ತದೆ, ಮುಖಗಳು ಸುಣ್ಣ ಬಳಿದಂತೆ ಬಿಳುಚಿ ಗುರುತೇ ಸಿಗದಂತಾಗುತ್ತವೆ. ಕಷ್ಟಪಟ್ಟು ಓದಿ ಬಹುಮಾನ ಪಡೆದ ಹುಡುಗಿಯ ಮುಖ ಅವಳ ಚಿತ್ರದಲ್ಲೇ ಇಲ್ಲದಂತಾದರೆ ಆ ಚಿತ್ರ ಯಾತಕ್ಕೆ?

ಇದಕ್ಕೆ ಪರಿಹಾರ ಸುಲಭ. ಕ್ಯಾಮರಾದಲ್ಲಿ ಪ್ಲಸ್ ಮತ್ತು ಮೈನಸ್ ಗುರುತಿನ ಒಂದು ಗುಂಡಿ ಇರುತ್ತದೆ, ಎಕ್ಸ್‌ಪೋಶರ್ ಕಾಂಪನ್ಸೇಶನ್ ಎಂದು ಅದರ ಹೆಸರು. ಬಿಳಿ ಹೆಚ್ಚಿದ್ದಲ್ಲಿ ಪ್ಲಸ್ 1ರಷ್ಟು, ಕಪ್ಪು ಹೆಚ್ಚಿದ್ದಲ್ಲಿ ಮೈನಸ್ 1ರಷ್ಟು ಮಾಡಿ ನೋಡಿ. ಬಿಳಿಗೆ ಕೂಡಿಸುವುದು, ಕಪ್ಪಿಗೆ ಕಳೆಯುವುದು. ಕೇಳಲು ತಲೆಕೆಳಗಾಗಿ ಕಂಡರೂ ಅದೇ ಸರಿ. ಇನ್ನೂ ನಿಖರವಾಗಿ ಬೇಕಿದ್ದರೆ ಸ್ಪಾಟ್ ಮೀಟರಿಂಗ್ ಇಟ್ಟು ನಿಮ್ಮದೇ ಅಂಗೈಯನ್ನು ಅಳೆಯಿರಿ, ಜನ ನಿಂತಿರುವ ಬೆಳಕೇ ಅಂಗೈ ಮೇಲೂ ಬೀಳುತ್ತಿರಬೇಕು. ಬಂದ ಲೆಕ್ಕಕ್ಕೆ ಒಂದು ಸ್ಟಾಪ್ ಬೆಳಕು ಸೇರಿಸಿ. ಮುಖದ ಬಣ್ಣ ಒಬ್ಬೊಬ್ಬರದು ಒಂದೊಂದು, ಆದರೆ ಅಂಗೈಯ ಬಣ್ಣದಲ್ಲಿ ಮನುಷ್ಯರ ನಡುವೆ ಅಷ್ಟು ವ್ಯತ್ಯಾಸವಿಲ್ಲ. ಸೃಷ್ಟಿಕರ್ತನು ಎಲ್ಲರ ಕೈಗೂ ಒಂದೊಂದು ಅಳತೆಗೋಲು ಕೊಟ್ಟಂತಿದೆ.

ಇದನ್ನು ಸಣ್ಣ ವಿಷಯ ಎಂದು ಭಾವಿಸಬೇಡಿ. ಕಲರ್ ಫಿಲ್ಮಿನ ಕಾಲದಲ್ಲಿ ಬಣ್ಣ ಹೊಂದಿಸಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಕೊಡುತ್ತಿದ್ದ ಮಾದರಿ ಚಿತ್ರಕ್ಕೆ 'ಶರ್ಲಿ ಕಾರ್ಡ್' ಎಂದು ಹೆಸರು. ದಶಕಗಳ ಕಾಲ ಅದರಲ್ಲಿದ್ದದ್ದು ಬಿಳಿಯ ಮಹಿಳೆಯ ಚಿತ್ರ. ಕಪ್ಪು ಮೈಬಣ್ಣದ ಜನರ ಮುಖ ಆ ಲೆಕ್ಕದಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಯಂತ್ರದ ಲೆಕ್ಕದಲ್ಲಿ ಯಾರನ್ನು ಸೇರಿಸಿಲ್ಲವೋ ಅವರು ಚಿತ್ರದಲ್ಲಿ ಕಾಣುವುದಿಲ್ಲ. ಇಂದು ವಿದ್ಯಾರ್ಥಿವೇತನದ ಅರ್ಜಿಗೆ, ಪರೀಕ್ಷೆಯ ಪ್ರವೇಶ ಪತ್ರಕ್ಕೆ, ಪಾಸ್‌ಪೋರ್ಟಿಗೆ ಮುಖ ಸ್ಪಷ್ಟವಾಗಿರುವ ಭಾವಚಿತ್ರ ಬೇಕು. ಕಿಟಕಿಗೆ ಬೆನ್ನು ಮಾಡಿ ನಿಂತು ತೆಗೆಸಿಕೊಂಡ ಕಪ್ಪು ಮುಖದ ಚಿತ್ರ ತಿರಸ್ಕೃತವಾದರೆ ನಷ್ಟ ಯಾರಿಗೆ? ಕಿಟಕಿಯತ್ತ ಮುಖ ಮಾಡಿ ನಿಲ್ಲಿಸಿ, ಮೊಬೈಲಿನ ಪರದೆಯಲ್ಲಿ ಮುಖದ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿ ಬೆಳಕು ಹೊಂದಿಸಿ. ಎರಡು ನಿಮಿಷದ ಈ ವಿದ್ಯೆ ನಿಮ್ಮ ಮೊಹಲ್ಲಾದ ಹತ್ತು ಮಕ್ಕಳಿಗೆ ನೆರವಾಗಬಹುದು.

ಇನ್ನೆರಡು ಮಾತು. ಹಾಲ್‌ನೊಳಗೆ ಟ್ಯೂಬ್‌ಲೈಟಿನಡಿ ತೆಗೆದ ಚಿತ್ರದಲ್ಲಿ ಪಟ್ಟೆ ಪಟ್ಟೆ ಕಾಣುವುದುಂಟು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಝ್‌ನದು, ಅನೇಕ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಶಟರನ್ನು 1/50 ಅಥವಾ 1/100ರಲ್ಲಿಟ್ಟರೆ ಪಟ್ಟೆ ಬಹುಮಟ್ಟಿಗೆ ಮಾಯವಾಗುತ್ತದೆ. ಇನ್ನೊಂದು, ಚಂದ್ರ. ರಮಝಾನಿನ ಚಂದ್ರನನ್ನು ಹಿಡಿಯಲು ಎಲ್ಲರಿಗೂ ಆಸೆ. ಹುಣ್ಣಿಮೆಯ ಚಂದ್ರ ರಾತ್ರಿ ಕಂಡರೂ ಅದರ ಮೇಲೆ ಬಿದ್ದಿರುವುದು ಬಿಸಿಲು. ಆದ್ದರಿಂದ ಐಎಸ್‌ಓ 100ರಲ್ಲಿ ಎಫ್/11, 1/125 ಸಾಕು. ಆಟೋದಲ್ಲಿ ತೆಗೆದರೆ ಸುತ್ತಲಿನ ಕತ್ತಲೆ ನೋಡಿ ಕ್ಯಾಮರಾ ಮೋಸ ಹೋಗಿ ಚಂದ್ರನನ್ನು ಬಿಳಿ ಚುಕ್ಕೆ ಮಾಡುತ್ತದೆ. ಎಳೆ ಚಂದ್ರ ಮಾತ್ರ ಬಲು ಮಂದ. ಅದಕ್ಕೆ ಟ್ರೈಪಾಡ್ ಇಟ್ಟು ಐಎಸ್‌ಓ 400, ಎಫ್/5.6, 1/30ರಿಂದ ಆರಂಭಿಸಿ, ಚಿತ್ರ ನೋಡಿ ಹೆಚ್ಚು ಕಡಿಮೆ ಮಾಡಿ.

ಅದಬ್ ಮತ್ತು ಅವಕಾಶ

ಚಿತ್ರ ತೆಗೆಯುವ ಕುರಿತು ನಮ್ಮ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ಚರ್ಚೆ ಮಾಡುವ ಅರ್ಹತೆ ನನಗಿಲ್ಲ, ನಿಮ್ಮ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ. ಆದರೆ ಒಂದು ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಇನ್ನೊಬ್ಬರ ಮಾನ ನಮ್ಮ ಕೈಯಲ್ಲಿರುವ ಅಮಾನತ್ತು. ಅನುಮತಿ ಇಲ್ಲದೆ ಯಾರ ಚಿತ್ರವನ್ನೂ ತೆಗೆಯಬೇಡಿ. ಮದುವೆ ಮನೆಯಲ್ಲಿ ಹೆಣ್ಣುಮಕ್ಕಳ ಚಿತ್ರ ತೆಗೆಯುವಾಗ ಮೊದಲು ಕೇಳಿ, ಹಂಚುವ ಮೊದಲು ಮತ್ತೊಮ್ಮೆ ಕೇಳಿ. ಅಪಘಾತವಾದಲ್ಲಿ ಮೊಬೈಲು ತೆಗೆಯುವ ಮೊದಲು ಕೈ ಚಾಚಿ ನೆರವಾಗಿ. ಬೆಳಕಿನ ಲೆಕ್ಕ ಸರಿ ಇದ್ದು ನಡತೆಯ ಲೆಕ್ಕ ತಪ್ಪಿದರೆ ಆ ಚಿತ್ರ ಕೆಟ್ಟದ್ದೇ.

ಈ ವಿದ್ಯೆಗೆ ಭವಿಷ್ಯವಿದೆಯೇ ಎಂದು ಪೋಷಕರು ಕೇಳುತ್ತಾರೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಹಣವನ್ನೇ ಬದುಕಾಗಿಸಿಕೊಂಡು, ಸಾಮಾನ್ಯ ಜನರ, ಮಕ್ಕಳ ಚಿತ್ರಗಳಿಂದ ಹೆಸರಾಗಿ, 1977ರಲ್ಲಿ ಪದ್ಮಶ್ರೀ ಪಡೆದರು. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ ಅರ್ಥಶಾಸ್ತ್ರ ಮತ್ತು ಸಮೂಹ ಸಂವಹನ ಓದಿದ ದಾನಿಶ್ ಸಿದ್ದೀಖಿ, ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಪುಲಿಟ್ಝರ್ ಪ್ರಶಸ್ತಿ ಪಡೆದ ರಾಯಿಟರ್ಸ್ ತಂಡದಲ್ಲಿದ್ದರು. 2021ರ ಜುಲೈಯಲ್ಲಿ ಅಫ್ಘಾನಿಸ್ತಾನದಲ್ಲಿ ಕರ್ತವ್ಯದಲ್ಲಿದ್ದಾಗಲೇ ಪ್ರಾಣ ತೆತ್ತರು. ಭಾರತದ ಕೋವಿಡ್ ದುರಂತದ ಚಿತ್ರಗಳಿಗೆ 2022ರಲ್ಲಿ ಪುಲಿಟ್ಝರ್ ಬಂದಾಗ, ಮರಣೋತ್ತರವಾಗಿ ಅವರ ಹೆಸರಿನೊಂದಿಗೆ ಕಾಶ್ಮೀರದ ಯುವತಿ ಸನ್ನಾ ಇರ್ಶಾದ್ ಮಟ್ಟೂ ಅವರ ಹೆಸರೂ ಇತ್ತು. ಎಲ್ಲರೂ ಅಷ್ಟು ದೂರ ಹೋಗಬೇಕೆಂದಿಲ್ಲ. ಒಳ್ಳೆಯ ಸ್ಟುಡಿಯೋ ನಡೆಸುವುದೂ ಹಲಾಲಾದ ದುಡಿಮೆಯೇ. ದುಡಿಮೆಗಾಗಿ ಅಲ್ಲದಿದ್ದರೂ ಒಂದು ಕೆಲಸ ನಿಮಗಾಗಿ ಕಾದಿದೆ. ನಿಮ್ಮ ಊರಿನ ಹಳೆಯ ಮಸೀದಿಯ ಮರದ ಕೆತ್ತನೆ, ಮೊದಲ ಮದ್ರಸದ ಕಟ್ಟಡ, ಅಕ್ಷರ ಕಲಿಸಿದ ವೃದ್ಧ ಉಸ್ತಾದರ ಕೋಣೆ, ಅಜ್ಜಿಯರ ಕೈಕಸುಬು, ಇವುಗಳ ಚಿತ್ರ ಎಷ್ಟು ಊರುಗಳಲ್ಲಿ ಉಳಿದಿದೆ? ಕಟ್ಟಡ ಕೆಡವಿದ ಮೇಲೆ ಹುಡುಕಿ ಪ್ರಯೋಜನವಿಲ್ಲ.

ಕೊನೆಯದಾಗಿ ಮನೆಗೆಲಸ ಕೊಡುತ್ತೇನೆ. ಒಂದು ಲೋಟವನ್ನು ಕಿಟಕಿಯ ಬಳಿ ಇಟ್ಟು, ಕ್ಯಾಮರಾವನ್ನು 'ಎಂ' ಅಂದರೆ ಮ್ಯಾನುವಲ್‌ಗೆ ತಿರುಗಿಸಿ, ಒಂದೊಂದೇ ಅಂಶವನ್ನು ಬದಲಿಸುತ್ತ ಒಂಬತ್ತು ಚಿತ್ರ ತೆಗೆಯಿರಿ. ಮೂರು ಅಪರ್ಚರಿನವು, ಮೂರು ಶಟರಿನವು, ಮೂರು ಐಎಸ್‌ಓದವು. ಪ್ರತಿ ಚಿತ್ರದ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಏನು ಬದಲಾಯಿತು ಎಂದೂ ಬರೆಯಿರಿ. ಸ್ವಂತ ಕ್ಯಾಮರಾ ಇಲ್ಲದವರು ಚಿಂತಿಸಬೇಡಿ, ಇರುವವರೊಂದಿಗೆ ಸೇರಿ ಮಾಡಿ. ಮೊಬೈಲಿನಲ್ಲಿ ಸಾಮಾನ್ಯವಾಗಿ ಅಪರ್ಚರ್ ಬದಲಾಗದು, ಆದರೆ ಅನೇಕ ಮೊಬೈಲುಗಳ 'ಪ್ರೊ' ವಿಭಾಗದಲ್ಲಿ ಉಳಿದೆರಡನ್ನು ಕಲಿಯಬಹುದು.

ಜ್ಞಾನಾರ್ಜನೆಗೆ ಇಷ್ಟೊಂದು ಮಹತ್ವ ಕೊಟ್ಟ ಧರ್ಮ ನಮ್ಮದು. ಬೆಳಕನ್ನು ಅರಿಯುವುದೂ ಜ್ಞಾನವೇ. ಅದನ್ನು ಅಳತೆ ಮೀರದಂತೆ, ಅಳತೆ ತಪ್ಪದಂತೆ ಬಳಸುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಈ ಸಂಘದ ವಿದ್ಯಾಸೇವೆಯನ್ನು ಸ್ವೀಕರಿಸಲಿ ಎಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ. ಆಮೀನ್. ವಸ್ಸಲಾಮ್.